ತೋಟದ ಕೆರೆ ತುಂಬಿರಬೇಕಾದ್ದು ಫೆಬ್ರವರಿಗೆ, ಜುಲೈಗಲ್ಲ

ಮೂಡಿಗೆರೆ, ಸಕಲೇಶಪುರ ಕಡೆಯ ಹಳೇ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ. ಮಿಲಿಮೀಟರ್ ಅಂದರೆ ಇಲ್ಲಿ ಯಾರ ತಲೆಗೂ ಹತ್ತುವುದಿಲ್ಲ. ‘ನಿಮ್ಮಲ್ಲಿ ನಿನ್ನೆ ಎಷ್ಟಾಯ್ತು?’ ಅಂದರೆ ‘ಎರಡು ಇಂಚು ನಲವತ್ತು ಸೆಂಟ್’ ಅಂತ ಥಟ್ಟನೆ ಉತ್ತರ ಬರುತ್ತದೆ. ಅಜ್ಜನ ಕಾಲದ ಮಳೆಯನ್ನೂ ತೆಗೆದು ತೋರಿಸುತ್ತಾರೆ. ಆದರೆ ಅದೇ ಮನೆಯವರನ್ನು ‘ತೋಟದ ಕೆರೆಗೆ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಎಷ್ಟು ಅಡಿ ಅಗಲ ಬಿಟ್ಟಿದ್ದೀರಿ, ಯಾವ ಲೆಕ್ಕದ ಮೇಲೆ?’ ಅಂತ ಕೇಳಿ ನೋಡಿ. ‘ಹಿಟಾಚಿಯವನು ಮಾಡಿಕೊಟ್ಟ, ಇದುವರೆಗೆ ಏನೂ ಆಗಿಲ್ಲ’ ಅನ್ನುವ ಉತ್ತರವೇ ಜಾಸ್ತಿ.

ನಾನು ಹೇಳುತ್ತಿರುವುದು ಊರ ಕೆರೆಗಳ ಬಗ್ಗೆ ಅಲ್ಲ. ಅಯ್ಯನಕೆರೆ, ಮದಗದಕೆರೆಗಳಿಗೆ ಹೆಸರಿದೆ, ಇತಿಹಾಸ ಇದೆ, ಕೇಳುವುದಕ್ಕೆ ಒಂದು ಇಲಾಖೆಯೂ ಇದೆ. ತೋಟದ ಕೆರೆಗಳು ಬೇರೆ. ಎರಡು ಗುಡ್ಡದ ನಡುವಿನ ಹಳ್ಳಕ್ಕೋ, ನಾಟಿ ನಿಂತುಹೋದ ಗದ್ದೆ ಬಯಲಿಗೋ ಅಡ್ಡವಾಗಿ ಮಣ್ಣಿನ ಏರಿ ಹಾಕಿ ಮಾಡಿಕೊಂಡ ಸ್ವಂತ ಕೆರೆಗಳು ಇವು. ಆಲ್ದೂರಿನಿಂದ ಹಾನಬಾಳಿನವರೆಗೆ ರಸ್ತೆಯಲ್ಲಿ ಹೋಗುವಾಗ ಕಾಫಿ ಗಿಡಗಳ ಸಂದಿಯಲ್ಲಿ ಹಸಿರು ನೀರು ಮಿಂಚುತ್ತದಲ್ಲ, ಅವೇ.

ಇವು ಹೆಚ್ಚಿದ್ದಕ್ಕೆ ಮುಖ್ಯ ಕಾರಣ ರೋಬಸ್ಟಾ ಕಾಫಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಬರಿಸಬೇಕು. ಹೂವಿಗೆ ಒಂದೂವರೆ ಇಂಚು, ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್‌ಗೆ, ಅಂದರೆ ಹೂವಾದ ಮೇಲೆ ಕಾಯಿ ಕಚ್ಚಲು ಕೊಡುವ ಎರಡನೇ ನೀರಿಗೆ, ಇನ್ನೊಂದು ಇಂಚು ಅಂತಿಟ್ಟುಕೊಳ್ಳೋಣ. ಒಂದು ಎಕರೆ ಮೇಲೆ ಒಂದು ಇಂಚು ನೀರು ಅಂದರೆ ಸುಮಾರು 1.03 ಲಕ್ಷ ಲೀಟರ್. ಐವತ್ತು ಎಕರೆ ತೋಟಕ್ಕೆ ಎರಡೂವರೆ ಇಂಚು ಕೊಡಲು ಒಂದೂಕಾಲು ಕೋಟಿ ಲೀಟರ್‌ಗೂ ಸ್ವಲ್ಪ ಜಾಸ್ತಿ ಬೇಕು. ಒಂದು ಎಕರೆ ಅಗಲ, ಸರಾಸರಿ ಹತ್ತು ಅಡಿ ಆಳದ ಕೆರೆ ಇದ್ದರೆ ಹೆಚ್ಚುಕಡಿಮೆ ಸಾಕಾಗುತ್ತದೆ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದ ಮೇಲೆ ಇಂಥ ಕೆರೆ ಇದ್ದವರ ಅದೃಷ್ಟವೇ ಬೇರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಷ್ಟು ನೀರಿನ ತೂಕ ಹನ್ನೆರಡು ಸಾವಿರ ಟನ್ ದಾಟುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಬರೀ ಮಣ್ಣು. ಆ ಮಣ್ಣಿನ ಏರಿಯ ಕೆಳಗೆ ಎಷ್ಟೋ ತೋಟಗಳಲ್ಲಿ ಕಾರ್ಮಿಕರ ಲೈನ್ ಮನೆಗಳಿವೆ. ಹಳ್ಳದ ಪಕ್ಕದ ಸಮತಟ್ಟು ಜಾಗ ಅಂತ ಕಟ್ಟಿದ್ದು.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಅದು ನೋಡುವುದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳನ್ನು, ಅಂದರೆ ಸುಮಾರು 50 ಅಡಿ. 10ರಿಂದ 15 ಮೀಟರ್ ಎತ್ತರದವು ಒಳಗೆ ಬರಬೇಕಾದರೆ ಬೇರೆ ಷರತ್ತುಗಳಿವೆ: ಏರಿ 500 ಮೀಟರ್ ಉದ್ದ ಇರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಹೀಗೆ. ನಮ್ಮ ಲೆಕ್ಕದ ಕೆರೆಯಲ್ಲಿ ಇರುವುದು ಹನ್ನೆರಡು ಸಾವಿರ ಚಿಲ್ಲರೆ ಘನ ಮೀಟರ್. ಏರಿ ಇಪ್ಪತ್ತೋ ಇಪ್ಪತ್ತೈದೋ ಅಡಿ. ಕಾಯ್ದೆಯ ಕಣ್ಣಿಗೆ ಅದು ಬೀಳುವುದೇ ಇಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟಿಗೆ ತಪಾಸಣೆ ಇದೆ, ಯಗಚಿಗೆ ಇದೆ. ಅವೇ ಹೊಳೆಗಳಿಗೆ ಹರಿದು ಸೇರುವ ಹಳ್ಳಗಳ ಮೇಲಿನ ಸಾಲು ಸಾಲು ಕೆರೆಗಳಿಗೆ ಇಲ್ಲ.

ಎತ್ತರದ ಗೆರೆ ಎಳೆದದ್ದೇ ಎಡವಟ್ಟು ಅಂತ ನನ್ನ ಅಭಿಪ್ರಾಯ. ಅರವತ್ತು ಅಡಿ ಏರಿಯ ಕೆಳಗೆ ಹತ್ತು ಮೈಲಿ ಕಾಡೇ ಇದ್ದರೆ ಒಡೆದರೂ ಜನಕ್ಕೆ ಅಪಾಯ ಕಡಿಮೆ. ಇಪ್ಪತ್ತು ಅಡಿ ಏರಿಯ ಕೆಳಗೆ ನೂರು ಗಜ ದೂರದಲ್ಲಿ ಆರು ಮನೆ ಇದ್ದರೆ ಅದೇ ಅಪಾಯಕಾರಿ. ಬ್ರಿಟನ್ನಿನವರು ಇದನ್ನು ಹೆಣ ಎಣಿಸಿ ಕಲಿತರು. 1925ರ ನವೆಂಬರ್‌ನಲ್ಲಿ ವೇಲ್ಸ್‌ನ ಡೋಲ್ಗಾರೊಗ್ ಎಂಬ ಊರಿನ ಮೇಲಿದ್ದ ಖಾಸಗಿ ಕಂಪನಿಯ ಅಣೆಕಟ್ಟಿನ ಬುಡ ಕೊರೆದುಹೋಯಿತು. ಆ ನೀರು ಕೆಳಗಿನ ಇನ್ನೊಂದು ಮಣ್ಣಿನ ಅಣೆಕಟ್ಟಿನ ಮೇಲೆ ಹಾದು ಅದನ್ನೂ ಒಡೆಯಿತು. 16 ಜನ ಸತ್ತರು. ಇಂಥ ಜಲಾಶಯಗಳಿಗೆಂದೇ 1930ರಲ್ಲಿ ಅಲ್ಲಿ ಕಾನೂನು ಬಂತು. ಇವತ್ತು ಇಂಗ್ಲೆಂಡಿನಲ್ಲಿ ಮಿತಿ 25,000 ಘನ ಮೀಟರ್. ವೇಲ್ಸ್ 2016ರಲ್ಲಿ ಅದನ್ನು 10,000ಕ್ಕೆ ಇಳಿಸಿತು. ಕೆಳಗೆ ಜನ ಇದ್ದಾರಾ ಅನ್ನುವುದನ್ನೂ ನೋಡುತ್ತಾರೆ. ನಮ್ಮ ಒಂದು ಎಕರೆ ಕೆರೆ ವೇಲ್ಸ್‌ನಲ್ಲಿ ಇದ್ದಿದ್ದರೆ ಕಾಯ್ದೆಯ ಒಳಗೆ ಇರುತ್ತಿತ್ತು.

ಡೋಲ್ಗಾರೊಗ್ ಕತೆಯಲ್ಲಿ ಮಲೆನಾಡಿಗೆ ನೇರ ತಾಗುವ ಇನ್ನೊಂದು ವಿಷಯವಿದೆ. ಇಲ್ಲಿ ಒಂದೇ ಹಳ್ಳದ ಮೇಲೆ ಮೂವರು ಮಾಲೀಕರ ಮೂರು ಕೆರೆಗಳಿರುತ್ತವೆ. ಮೇಲಿನವನದ್ದು ಒಡೆದರೆ ಕೆಳಗಿನವನು ಎಷ್ಟು ಗಟ್ಟಿಯಾಗಿ ಕಟ್ಟಿದ್ದರೂ ಪ್ರಯೋಜನವಿಲ್ಲ. ನಮ್ಮ ಕೆರೆ ಚೆನ್ನಾಗಿದೆ ಅಂದರೆ ಅರ್ಧ ಉತ್ತರ ಮಾತ್ರ.

ಕೋಡಿಯ ಲೆಕ್ಕಕ್ಕೆ ಬರೋಣ, ಎಲ್ಲಾ ಇರುವುದು ಅಲ್ಲೇ. ಇಂಚಿನಲ್ಲಿ ಮಳೆ ಅಳೆಯುವವರಿಗೆ ಇದು ತುಂಬಾ ಸುಲಭ. ಒಂದು ಎಕರೆಯಿಂದ ಗಂಟೆಗೆ ಒಂದು ಇಂಚು ನೀರು ಹರಿದು ಬಂದರೆ ಅದು ಸರಿಸುಮಾರು ಒಂದು ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಈ ಒಂದು ವಾಕ್ಯ ನೆನಪಿಟ್ಟುಕೊಂಡರೆ ಸಾಕು. ಕೆರೆಗೆ ನೀರು ಬರುವ ಇಳಿಜಾರು ನೂರು ಎಕರೆ ಅಂತಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಎರಡು ಇಂಚು ನಲವತ್ತು ಸೆಂಟ್ ಹೊಡೆಯಿತು. ಆಗಲೇ ನೆನೆದ ನೆಲ, ಅರ್ಧ ಇಂಗಿ ಅರ್ಧ ಹರಿದು ಬಂದರೂ 120 ಕ್ಯುಸೆಕ್. ಎಷ್ಟೋ ಕೆರೆಗಳಲ್ಲಿ ಕೋಡಿ ಅಂತ ಇರುವುದು ಏರಿಯ ಮೂಲೆಯಲ್ಲಿ ಹೂತಿಟ್ಟ ಎರಡು ಅಡಿಯ ಸಿಮೆಂಟ್ ಪೈಪ್. ಮೇಲೆ ಮೂರು ಅಡಿ ನೀರು ನಿಂತು ದಬ್ಬಿದರೂ ಅದರಲ್ಲಿ ಹೋಗುವುದು 25, ಜಾಸ್ತಿ ಅಂದರೆ 30 ಕ್ಯುಸೆಕ್. ಅದೂ ಬಾಯಿಗೆ ಸಿಲ್ವರ್ ಓಕ್ ಎಲೆ, ಮುರಿದ ಕೊಂಬೆ ಸಿಕ್ಕಿಕೊಳ್ಳದಿದ್ದರೆ. ಉಳಿದ 90 ಕ್ಯುಸೆಕ್ ಕೆರೆಯಲ್ಲೇ ನಿಲ್ಲಬೇಕು. ಒಂದು ಎಕರೆ ಕೆರೆಯಲ್ಲಿ ಅಷ್ಟು ನೀರು ಗಂಟೆಗೆ ಏಳೂವರೆ ಅಡಿ ಏರುತ್ತದೆ. ಏರಿ ತುದಿಗೆ ಮೂರು ಅಡಿ ಬಾಕಿ ಇದ್ದರೆ ನಿಮಗೆ ಸಿಗುವುದು ಅರ್ಧ ಗಂಟೆಗೂ ಕಡಿಮೆ. ಅದೂ ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದೆ.

ಮಣ್ಣಿನ ಏರಿಯ ನೆತ್ತಿ ಮೇಲೆ ನೀರು ಹತ್ತಿದರೆ ಮುಗಿಯಿತು. ಕಲ್ಲಿನ ಕಟ್ಟೆಯಾದರೆ ಸ್ವಲ್ಪ ಹೊತ್ತು ತಡೆದೀತು. ಮಣ್ಣು ಹಿಂಬದಿಯಿಂದ ಕರಗುತ್ತಾ ಬರುತ್ತದೆ.

ಹಾಗಾದರೆ ಎಷ್ಟು ಕೋಡಿ ಬೇಕಿತ್ತು? 120 ಕ್ಯುಸೆಕ್ಕನ್ನು ಒಂದೂವರೆ ಅಡಿ ದಪ್ಪದಲ್ಲಿ ಹರಿಸಬೇಕಾದರೆ ಇಪ್ಪತ್ತು ಅಡಿಗೂ ಜಾಸ್ತಿ ಅಗಲದ ತೆರೆದ ಕೋಡಿ ಬೇಕು. ಏರಿಯ ಮೇಲಲ್ಲ, ಪಕ್ಕದ ಗಟ್ಟಿ ನೆಲದಲ್ಲಿ. ಅದರ ಮಟ್ಟಕ್ಕಿಂತ ಏರಿ ನಾಲ್ಕೂವರೆ ಅಡಿಯಾದರೂ ಎತ್ತರ ಇರಬೇಕು. ಇದು ಅಂದಾಜಿನ ಲೆಕ್ಕ, ಎಂಜಿನಿಯರ್ ಬಂದು ಇಳಿಜಾರು ನೋಡಿ ತಿದ್ದಬೇಕು. ಆದರೂ ಎರಡು ಅಡಿ ಪೈಪಿಗೂ ಇಪ್ಪತ್ತು ಅಡಿ ಕೋಡಿಗೂ ಎಲ್ಲಿಂದೆಲ್ಲಿಗೆ ಅಲ್ವಾ? ಇದಕ್ಕಿಂತ ಕೆಟ್ಟ ಚಾಳಿ ಒಂದಿದೆ. ಮಳೆಗಾಲದ ಕೊನೆಗೆ ಕೋಡಿಗೆ ಮರಳಿನ ಚೀಲ, ಹಲಗೆ ಅಡ್ಡ ಹಾಕಿ ಇನ್ನೊಂದೆರಡು ಅಡಿ ನೀರು ಹಿಡಿಯುವುದು. ಹಾಕಿದ್ದನ್ನು ಮುಂದಿನ ಜೂನ್‌ಗೆ ತೆಗೆಯಲು ಮರೆಯುವುದು.

ಹವಾಯಿ ದ್ವೀಪಗಳ ಕವಾಯಿಯಲ್ಲಿ 2006ರ ಮಾರ್ಚ್ 14ರಂದು ಕಾ ಲೋಕೊ ಅನ್ನುವ ಮಣ್ಣಿನ ಕೆರೆ ಒಡೆದು ಏಳು ಜನ ಸತ್ತರು. ಅದು ಹಿಂದೆ ಕಬ್ಬಿನ ಪ್ಲಾಂಟೇಶನ್ನಿಗೆ ನೀರುಣಿಸಲು ಕಟ್ಟಿದ್ದು, ಆಮೇಲೆ ಖಾಸಗಿಯವರ ಕೈಗೆ ಬಂದಿತ್ತು. ವಾರಗಟ್ಟಲೆ ಮಳೆ ಸುರಿದಿತ್ತು, ನಿಜ. ಆದರೆ ತನಿಖೆಯಲ್ಲಿ ಎದ್ದು ಬಂದ ಪ್ರಶ್ನೆ ಕೋಡಿಯದ್ದು. ಅದನ್ನು ಮಣ್ಣು ತುಂಬಿ ಮುಚ್ಚಲಾಗಿತ್ತು ಎಂಬ ಕಡೆಗೇ ತನಿಖೆ ಬೊಟ್ಟು ಮಾಡಿತು. ಕೊನೆಗೆ ಮಾಲೀಕರಿಗೆ ಜೈಲು ಶಿಕ್ಷೆ ವಿಧಿಸಲಾಯಿತು.

ಎರಡನೇ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅದು ಏರಿಯ ಹೊಟ್ಟೆಯೊಳಗೆ ನಡೆಯುವ ಕೊರೆತ. ನೀರು ಸಣ್ಣ ದಾರಿ ಹುಡುಕುತ್ತದೆ, ಮಣ್ಣಿನ ಕಣ ಹೊತ್ತು ಹೊರಗೆ ಬರುತ್ತದೆ, ದಾರಿ ದೊಡ್ಡದಾಗುತ್ತದೆ. ಗೆದ್ದಲ ಹುತ್ತ, ಹೆಗ್ಗಣದ ಬಿಲ, ಕಡಿದ ಮರದ ಕೊಳೆತ ಬೇರು, ಎಲ್ಲವೂ ಅದಕ್ಕೆ ದಾರಿ. ಆಲೂರು, ಸಕಲೇಶಪುರ ಕಡೆ ಆನೆಗಳು ಬೇರೆ ರಾತ್ರಿ ಕೆರೆಗೆ ಇಳಿದು ಏರಿಯ ಅಂಚು ಜಗ್ಗಿಸಿ ಹೋಗುತ್ತವೆ, ಪಾಪ ಅವಕ್ಕೇನು ಗೊತ್ತು. ಆದರೆ ನಾವೇ ಕೈಯಾರೆ ಮಾಡಿಕೊಡುವ ದಾರಿ ಏರಿಯೊಳಗೆ ಹಾಯಿಸಿದ ಪೈಪ್. ಪೈಪಿನ ಸುತ್ತ ಮಣ್ಣನ್ನು ಸರಿಯಾಗಿ ಧಮ್ಮಸ್ ಮಾಡಲು ಆಗುವುದಿಲ್ಲ. ನೀರು ಪೈಪಿನ ಒಳಗೆ ಹೋಗುವ ಬದಲು ಮೈಗುಂಟ ಹೊರಗೆ ಹರಿಯುತ್ತದೆ. ಪೈಪ್ ಹೊರಬರುವ ಕಡೆ ಸುತ್ತಲೂ ಮರಳು ತುಂಬಿ, ಅದರ ಮೇಲೆ ಜಲ್ಲಿ ಹಾಕಿದರೆ ನೀರು ಬಂದರೂ ಮಣ್ಣು ಬರುವುದಿಲ್ಲ. ಕೆಲವೇ ಲೋಡ್ ಮರಳಿನ ಖರ್ಚು. ಹಾಕಿಸಿದವರು ಕಡಿಮೆ.

ಮಣ್ಣೂ ಮುಖ್ಯ. ಘಟ್ಟದಂಚಿನಲ್ಲಿ ಕೆಂಪು ಮಣ್ಣಿನ ಕೆಳಗೆ ಬೆಳ್ಳಗೆ, ನಸುಗೆಂಪಾಗಿ ನುಣ್ಣನೆ ಮಣ್ಣು ಸಿಗುತ್ತದೆ. ಕರಾವಳಿಯವರು ಶೇಡಿ ಮಣ್ಣು ಅನ್ನುವುದು ಇದಕ್ಕೇ. ಮುಟ್ಟಿದರೆ ಜೇಡಿಮಣ್ಣು ಅನ್ನಿಸುತ್ತದೆ, ನೀರು ಕುಡಿದರೆ ಕದಡಿ ಹರಿದು ಹೋಗುತ್ತದೆ. ಗುಡ್ಡ ಕುಸಿಯುವ ಕಡೆಗಳಲ್ಲೂ ಇದರ ಪಾತ್ರ ಇರುತ್ತದೆ. ಹಿಟಾಚಿ ಆಳಕ್ಕೆ ಅಗೆದಷ್ಟೂ ಇದೇ ಮೇಲೆ ಬಂದು ಏರಿಗೆ ಸೇರುತ್ತದೆ. ಪರೀಕ್ಷೆ ಮಾಡಲು ಲ್ಯಾಬ್ ಬೇಕಿಲ್ಲ, ಮೊದಲ ಸುಳಿವಿಗೆ ಗಾಜಿನ ಲೋಟ ಸಾಕು. ಶುದ್ಧ ನೀರಿಗೆ, ಮಳೆ ನೀರಾದರೆ ಒಳ್ಳೆಯದು, ಕಡಲೆ ಕಾಳಿನಷ್ಟು ಮಣ್ಣಿನ ಉಂಡೆ ಬಿಡಿ, ಕಲಕಬೇಡಿ. ಉಂಡೆ ಸುಮ್ನೆ ಕುಸಿದು ತಳದಲ್ಲಿ ಕೂತು ನೀರು ತಿಳಿಯಾಗೇ ಉಳಿದರೆ ಪರವಾಗಿಲ್ಲ. ಅದರ ಸುತ್ತ ಹೊಗೆ ಎದ್ದ ಹಾಗೆ ನೀರು ಮಬ್ಬಾಗುತ್ತಾ ಹೋದರೆ ಆ ಮಣ್ಣಿನಲ್ಲಿ ಏರಿ ಹಾಕುವ ಮೊದಲು ಮಣ್ಣು ತಿಳಿದವರನ್ನು ಕರೆಸಿ.

ಜಿನುಗು ನೋಡುವುದಕ್ಕೂ ಒಂದು ಕಾಲ ಇದೆ. ಜುಲೈನಲ್ಲಿ ಏರಿ ಬುಡಕ್ಕೆ ಹೋದರೆ ಎಲ್ಲೆಲ್ಲೂ ನೀರೇ, ಯಾವುದು ಮಳೆಯದ್ದು ಯಾವುದು ಕೆರೆಯದ್ದು ತಿಳಿಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕೆರೆ ತುಂಬಿದ್ದು ಸುತ್ತಲಿನ ಹುಲ್ಲು ಒಣಗಿರುವಾಗ ಹೋಗಿ. ಬುಡದಲ್ಲಿ ಒಂದು ಕಡೆ ಮಾತ್ರ ಹಸಿರಾಗಿದ್ದರೆ, ಕಾಲಿಟ್ಟರೆ ಮೆತ್ತಗಿದ್ದರೆ, ಅಲ್ಲೊಂದು ಗೂಟ ನೆಡಿ. ನೀರನ್ನು ಸಣ್ಣ ಕಾಲುವೆ ಮಾಡಿ ಒಂದು ಕಡೆ ಬೀಳಿಸಿ, ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಮಳೆ ಪುಸ್ತಕದ ಪಕ್ಕದಲ್ಲೇ ಬರೆದಿಡಿ. ತಿಳಿ ನೀರು, ಅಷ್ಟೇ ಪ್ರಮಾಣ ಬರುತ್ತಿದ್ದರೆ ಗಾಬರಿ ಬೇಡ. ಬೇಗ ಬೇಗ ತುಂಬತೊಡಗಿದರೆ, ಅದಕ್ಕಿಂತ ಮುಖ್ಯವಾಗಿ ನೀರು ಕೆಂಪಾದರೆ, ಕೆಳಗಿನ ಮನೆಗಳನ್ನು ಅವತ್ತೇ ಖಾಲಿ ಮಾಡಿಸಬೇಕು. ಜನ ಮಾಡುವ ತಪ್ಪು ಅಂದರೆ ಹೊರಗಿನಿಂದ ಜೇಡಿಮಣ್ಣು ಮೆತ್ತಿ ತೂತು ಮುಚ್ಚುವುದು. ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ, ಅಷ್ಟೇ. ಮೊದಲು ಮರಳು, ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಬೇಕು. ನೀರಿಗೆ ದಾರಿ ಬಿಡಬೇಕು, ಮಣ್ಣಿಗೆ ಬಿಡಬಾರದು.

ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಕೆರೆ 2019ರ ಜುಲೈ 2ರ ರಾತ್ರಿ ಒಡೆದಾಗ ಸುಮಾರು 20 ಜನ ಕೊಚ್ಚಿಹೋದರು. ಅದು ಸರ್ಕಾರದ್ದು, ಆದರೆ ನಮ್ಮಂಥದ್ದೇ ಘಟ್ಟ, ನಮ್ಮಂಥದ್ದೇ ಮಳೆ. ಏಡಿಗಳು ಕೊರೆದವು ಅಂತ ಅಲ್ಲಿನ ಸಚಿವರು ಹೇಳಿ ನಗೆಪಾಟಲಾದರು. ಏಡಿ ಬಿಲ ತೋಡುವುದು ಸುಳ್ಳಲ್ಲ, ಮಲೆನಾಡಿನಲ್ಲಿ ಗದ್ದೆ ಮಾಡಿದ ಯಾರಿಗೂ ಅದು ಹೊಸದಲ್ಲ. ಆದರೆ ಕೆರೆ ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ನಮಗೆ ನೀರು ಬೇಕಾಗಿರುವುದು ಫೆಬ್ರವರಿಯಲ್ಲಿ. ಹಾಗಿದ್ದ ಮೇಲೆ ಜುಲೈನಲ್ಲಿ ಕೆರೆ ಯಾಕೆ ತುಂಬಿರಬೇಕು? ‘ಬಂದ ನೀರು ಬಿಡಬಾರದು’ ಅನ್ನುವುದು ಬಯಲುಸೀಮೆಯ ನ್ಯಾಯ. ಕಡೂರಿನಲ್ಲಿ ಅದು ಸರಿ. ಕೊಟ್ಟಿಗೆಹಾರದಲ್ಲಿ ಅಲ್ಲ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ನೂರು ಎಕರೆ ಇಳಿಜಾರಿನಿಂದ ಅರ್ಧ ನೀರು ಬಂದರೆ, ಪೂರ್ತಿ ಖಾಲಿ ಇರುವ ನಮ್ಮ ಕೆರೆ ತುಂಬಲು ಎರಡೂವರೆ ಇಂಚು ಮಳೆ ಸಾಕು. ಕಾಲು ಭಾಗ ಬಂದರೂ ಐದು ಇಂಚು. ಸೆಪ್ಟೆಂಬರ್, ಅಕ್ಟೋಬರ್ ಎರಡೂ ಸೇರಿ ಅಷ್ಟು ಮಳೆ ಬಾರದ ವರ್ಷ ಘಟ್ಟದ ಕಡೆ ಅಪರೂಪ. ಜೂನ್‌ನಿಂದ ಆಗಸ್ಟ್ ಅರ್ಧದವರೆಗೆ ನೀರನ್ನು ಅರ್ಧ ಆಳಕ್ಕೆ ಇಳಿಸಿ ಇಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಹಳ್ಳದ ಕೆರೆ ತಳದಲ್ಲಿ ಕಿರಿದು, ಮೇಲೆ ಅಗಲ. ಆಳ ಅರ್ಧಕ್ಕೆ ಇಳಿದರೆ ನೀರು ಕಾಲು ಭಾಗಕ್ಕೆ ಇಳಿದಿರುತ್ತದೆ. ಏರಿ ಮೇಲೆ ಒತ್ತಡ ಕಡಿಮೆ, ಜಿನುಗು ಕಡಿಮೆ, ಒಡೆದೇ ಬಿಟ್ಟರೂ ಕೆಳಗೆ ಹೋಗುವ ನೀರು ಕಡಿಮೆ. ಹಾಗಂತ ಕೋಡಿ ಬೇಡ ಅಂತಲ್ಲ. ಮೇಘಸ್ಫೋಟದಂಥ ಮಳೆಗೆ ಈ ಖಾಲಿ ಜಾಗ ಒಂದು ಗಂಟೆಯೂ ಬರುವುದಿಲ್ಲ. ಎರಡೂ ಬೇಕು.

2023ರಂಥ ಬರದ ವರ್ಷ ನೋಡಿದವರಿಗೆ ನೀರು ಬಿಡು ಅಂದರೆ ಎದೆ ಝಲ್ ಅನ್ನುತ್ತದೆ, ಅರ್ಥವಾಗುತ್ತದೆ. ಅದಕ್ಕೇ ತಾರೀಖು ಹಿಡಿದು ಕೂರಬಾರದು. ಮಳೆ ಪುಸ್ತಕ ಇದೆಯಲ್ಲ? ಜುಲೈ ಕೊನೆಗೆ ಮಾಮೂಲಿಗಿಂತ ತೀರಾ ಕಡಿಮೆ ಇದ್ದರೆ ತೂಬು, ಅಂದರೆ ಕೆರೆಯ ತಳದಿಂದ ನೀರು ಬಿಡುವ ಬಾಗಿಲು, ಬೇಗ ಮುಚ್ಚಿ.

ಆದರೆ ಮುಚ್ಚಲು ತೂಬು ಇರಬೇಕಲ್ಲ! ದೊಡ್ಡ ಕೊರತೆ ಇಲ್ಲೇ. ಹಳೇ ಕಾಲದ ಯಾವ ಕೆರೆಗೂ ತೂಬಿಲ್ಲದೆ ಇರಲಿಲ್ಲ, ಯಾಕೆಂದರೆ ನೀರು ಗದ್ದೆಗೆ ಇಳಿದು ಹೋಗಬೇಕಿತ್ತು. ಈಗ ನೀರು ಮೋಟರ್‌ನಿಂದ ಮೇಲಕ್ಕೆ ಹೋಗುತ್ತದೆ. ಹಾಗಾಗಿ ತೂಬು ಯಾರಿಗೂ ಬೇಡವಾಯಿತು. ಅಪಾಯ ಬಂದಾಗ ಕೆರೆ ಖಾಲಿ ಮಾಡಲು ದಾರಿಯೇ ಇಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 2022ರ ಆಗಸ್ಟ್‌ನಲ್ಲಿ ಕಾರಂ ಅಣೆಕಟ್ಟು ಸೋರತೊಡಗಿದಾಗ 18 ಹಳ್ಳಿ ಖಾಲಿ ಮಾಡಿಸಿ, ಪಕ್ಕದಲ್ಲಿ ಯಂತ್ರಗಳಿಂದ ಕಾಲುವೆ ಕಡಿದು ನೀರು ಬಿಡಬೇಕಾಯಿತು. ಅಲ್ಲಿ ಇಡೀ ಸರ್ಕಾರ ನಿಂತಿತ್ತು. ತೋಟಕ್ಕೆ ಆ ಮಳೆಯಲ್ಲಿ ಜೆಸಿಬಿ ತಲುಪುವುದೇ ಕಷ್ಟ. ಇನ್ನೊಂದು ಎಚ್ಚರ: ತೂಬು ಇದ್ದರೂ ಒಮ್ಮೆಲೇ ಖಾಲಿ ಮಾಡಬಾರದು. ನೀರಿನ ಆಸರೆ ತಟ್ಟನೆ ತಪ್ಪಿದರೆ ಏರಿಯ ಒಳಮೈ ಜಾರುತ್ತದೆ. ದಿನಕ್ಕೆ ಅರ್ಧ ಅಡಿ, ಒಂದು ಅಡಿ ಸಾಕು.

ಹೋಮ್‌ಸ್ಟೇಗಳದ್ದು ಬೇರೆಯೇ ತಮಾಷೆ. ತೋಟ ಕೊಂಡವರಿಗೆ ಕೆರೆ ಈಗ ನೋಟಕ್ಕೆ, ಬೋಟಿಂಗ್‌ಗೆ. ಮಳೆ ನೋಡಲು ಜನ ಬರುವುದೇ ಜುಲೈನಲ್ಲಿ. ಆಗ ಕೆರೆ ತುಳುಕುತ್ತಿರಬೇಕು ಅವರಿಗೆ.

ಒಡೆದರೆ ಹೊಣೆ ಯಾರದ್ದು? ನ್ಯಾಯಶಾಸ್ತ್ರದ ಒಂದು ದೊಡ್ಡ ತತ್ವ ಹುಟ್ಟಿದ್ದೇ ಖಾಸಗಿ ಕೆರೆಯಿಂದ. ಇಂಗ್ಲೆಂಡಿನ ಗಿರಣಿ ಮಾಲೀಕನೊಬ್ಬ ಗುತ್ತಿಗೆದಾರರಿಂದ ಕೆರೆ ಕಟ್ಟಿಸಿದ. ನೀರು ಹಳೇ ಸುರಂಗಗಳ ಮೂಲಕ ಪಕ್ಕದವನ ಗಣಿಗೆ ನುಗ್ಗಿತು. 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ತೀರ್ಪು, ಅಪಾಯದ ವಸ್ತುವನ್ನು ತನ್ನ ಜಾಗದಲ್ಲಿ ಕೂಡಿಟ್ಟವನೇ ಹೊಣೆ ಎಂದಿತು. ‘ಹಿಟಾಚಿಯವನು ಮಾಡಿದ್ದು’ ಅನ್ನುವ ಮಾತು ಅಲ್ಲಿ ನಡೆಯಲಿಲ್ಲ. ಆರು ವರ್ಷದ ಮೇಲೆ ನಮ್ಮ ಕಡೆಯದ್ದೇ ಮೊಕದ್ದಮೆ ಬಂತು. ಈಗಿನ ಆಂಧ್ರದ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾಗಿತ್ತು. 1874ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಆಗ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ನ್ಯಾಯಾಲಯ, ಜಮೀನ್ದಾರರ ಪರ ನಿಂತಿತು. ಈ ನಾಡಿನಲ್ಲಿ ಕೆರೆಗಳು ಜನರ ಬದುಕಿಗೆ ಬೇಕಾದವು, ಅವನ್ನು ಕಾಪಾಡುವುದು ಅವರ ಕರ್ತವ್ಯ, ಅಜಾಗರೂಕತೆ ಇಲ್ಲದಿದ್ದರೆ ಹೊಣೆಯಿಲ್ಲ ಅಂತ. ಅದನ್ನು ಹಿಡಿದುಕೊಂಡು ನೆಮ್ಮದಿಯಾಗಿ ಇರಬಹುದು ಅಂದುಕೊಳ್ಳಬೇಡಿ. ಆ ಕೆರೆಗಳು ಊರಿನ ಗದ್ದೆಗೆ ನೀರು ಕೊಡುತ್ತಿದ್ದ ಹಳೇ ಕೆರೆಗಳು. ಒಬ್ಬರ ಕಾಫಿಗೆಂದು ಹೊಸದಾಗಿ ಕಟ್ಟಿ, ಕೋಡಿಗೆ ಅಡ್ಡ ಹಾಕಿ, ಸೋರುವುದು ಕಂಡೂ ಸುಮ್ಮನಿದ್ದವರು ಆ ನೆರಳಲ್ಲಿ ನಿಲ್ಲುವುದು ಕಷ್ಟ.

ಸರ್ಕಾರದ ಕಡೆಯಿಂದ ಹೊಸ ಕಾಯ್ದೆಗೆ ಕಾಯುವ ಮೊದಲೇ ಮಾಡಬಹುದಾದ್ದು ಇದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರಡಿ ಜಿಲ್ಲಾ ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿಯೇ. ಗ್ರಾಮ ಪಂಚಾಯಿತಿ ಮಟ್ಟದವರೆಗೂ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳಿವೆ. ಯಾವ ಹಳ್ಳದ ಮೇಲೆ ಎಷ್ಟು ಕೆರೆ, ಕೆಳಗೆ ಎಷ್ಟು ಮನೆ ಅನ್ನುವ ಪಟ್ಟಿಯನ್ನು ಪಂಚಾಯಿತಿ ಉಪಗ್ರಹ ಚಿತ್ರ ನೋಡಿಯೇ ಮಾಡಬಹುದು. ಅನುಮತಿ ಕೇಳುತ್ತಾರೆ, ತೆರಿಗೆ ಹಾಕುತ್ತಾರೆ ಅಂತ ಬೆಳೆಗಾರರು ಹೆದರುವುದು ಸಹಜ. ಹಾಗಾಗಿ ಮೊದಲ ಸುತ್ತಿನಲ್ಲಿ ದಂಡದ ಮಾತೇ ಬೇಡ. ಕೆಳಗೆ ಮನೆ ಇರುವ ಕೆರೆಗೆ ಮಾತ್ರ ಎಂಜಿನಿಯರ್ ಭೇಟಿ ಸಾಕು. ಲೈನ್ ಮನೆಗಳಲ್ಲಿ ಈಗ ಅಸ್ಸಾಂನಿಂದ ಬಂದವರೂ ಇದ್ದಾರೆ. ಮೇಲೆ ಕೆರೆ ಇದೆ, ಸಿಳ್ಳೆ ಊದಿದರೆ ಯಾವ ಕಡೆ ಓಡಬೇಕು ಅಂತ ಅವರಿಗೆ ಅವರ ಭಾಷೆಯಲ್ಲಿ ಹೇಳಿರುವ ತೋಟ ಎಷ್ಟಿರಬಹುದು?

ಕೆಲಸಕ್ಕೆ ಸಿಗುವ ಸಮಯ ಚಿಕ್ಕದು. ಬ್ಯಾಕಿಂಗ್ ಮುಗಿದ ಮೇಲೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಕೆರೆ ತಳ ಕಾಣುತ್ತದೆ. ತೂಬು ಕೂರಿಸಲು, ಕೋಡಿ ಅಗಲ ಮಾಡಲು, ಏರಿ ಮೇಲಿನ ಗಿಡ ಕೀಳಲು ಆಗಲೇ ಆಗಬೇಕು. ಮಣ್ಣನ್ನು ಮುಕ್ಕಾಲು ಅಡಿಗಿಂತ ದಪ್ಪ ಹಾಕದೆ, ಪದರ ಪದರವಾಗಿ ನೀರು ಚಿಮುಕಿಸಿ ರೋಲರ್ ಹೊಡೆಸಬೇಕು. ಮೇ ತಿಂಗಳ ಮಳೆ ಶುರುವಾದ ಮೇಲೆ ಹಾಕಿದ ಮಣ್ಣು ಕೂರುವುದಿಲ್ಲ, ಬರೀ ಕೆಸರು. ಆಗ ಕರೆದರೆ ಹಿಟಾಚಿಯವನು ಬರುತ್ತಾನೆ, ದುಡ್ಡೂ ತಗೊಳ್ಳುತ್ತಾನೆ. ಏರಿ ಮಾತ್ರ ಜೂನ್‌ನಲ್ಲಿ ಮೊದಲಿಗಿಂತ ದುರ್ಬಲವಾಗಿರುತ್ತದೆ.